ಹೊಸ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 7: ಪೇಜ್‌ಮೇಕರ್, ನುಡಿ ಬಳಸುವವರು ದಾರಿ ಹೇಳಿ

ಬದಿಯಡ್ಕದಿಂದ ಪ್ರಶ್ನೆ:
ಡಿಟಿಪಿ ಅಂಗಡಿಗೆ ಹೊಸ ಲ್ಯಾಪ್‌ಟಾಪ್ ತಂದದ್ದು. ಇಂಟೆಲ್ 12ನೇ ತಲೆಮಾರಿನ ಐ5, 16 ಜಿಬಿ ರ‍್ಯಾಮ್, ಎನ್‌ವಿಎಂಇ ಎಸ್‌ಎಸ್‌ಡಿ, ವಿಂಡೋಸ್ 11. ಬ್ರಹ್ಮಕಲಶ, ಮದುವೆ, ಗೃಹಪ್ರವೇಶದ ಹಳೆ ಆಮಂತ್ರಣಗಳೆಲ್ಲ ಪೇಜ್‌ಮೇಕರ್ 7 ಎಂಬ ಹಳೆ ಪುಟವಿನ್ಯಾಸ ತಂತ್ರಾಂಶದಲ್ಲಿ, ನುಡಿ ಮತ್ತು ಶ್ರೀಲಿಪಿ ಎಂಬ ಟೈಪಿಂಗ್ ತಂತ್ರಾಂಶಗಳ ಫಾಂಟಿನಲ್ಲಿ ಉಂಟು. ಮಲಯಾಳದ್ದು ಐಎಸ್‌ಎಂ ಎಂಬ ಟೈಪಿಂಗ್ ತಂತ್ರಾಂಶದಲ್ಲಿ. ಇದಕ್ಕೆ ವಿಂಡೋಸ್ 7 ಹಾಕ್ಲಿಕ್ಕೆ ಆಗ್ತದಾ? ಪೆನ್‌ಡ್ರೈವಿನಿಂದ ಶುರು ಮಾಡಿದರೆ ಲೋಗೋ ಬರುವಲ್ಲಿಗೇ ನಿಲ್ತದೆ.

ಮುಳ್ಳೇರಿಯ:
ಈ ಯಂತ್ರಕ್ಕೆ ನೇರವಾಗಿ ಹಾಕುವ ಆಲೋಚನೆ ಬಿಡಿ ಅಕ್ಕ. ವಿಂಡೋಸ್ 7ಕ್ಕೆ ಪರದೆ ತೋರಿಸಬೇಕಾದರೆ ಹಳೆ ಕಾಲದ ವಿಜಿಎ ಬಯೋಸ್ (ಪರದೆ ನಡೆಸುವ ಸಣ್ಣ ತಂತ್ರಾಂಶ) ಬೇಕು. ಹಳೆ ಬಯೋಸಿನ ಬದಲು ಯುಇಎಫ್‌ಐ ಎಂಬ ಹೊಸ ಆರಂಭಿಕ ತಂತ್ರಾಂಶ ಇರುವ ಯಂತ್ರದಲ್ಲಿ ಅದನ್ನು ಒದಗಿಸುವುದು ಸಿಎಸ್‌ಎಂ ಎಂಬ ಭಾಗ. ಈಗಿನ ಲ್ಯಾಪ್‌ಟಾಪುಗಳಲ್ಲಿ ಅದನ್ನೇ ತೆಗೆದುಬಿಟ್ಟಿದ್ದಾರೆ, ಹಾಗಾಗಿ ಲೋಗೋದಲ್ಲಿ ನಿಲ್ಲುವುದು. ಅದನ್ನು ಹೇಗಾದರೂ ದಾಟಿದಿರಿ ಅಂತ ಇಟ್ಟುಕೊಳ್ಳಿ. ಗ್ರಾಫಿಕ್ಸಿಗೆ ಡ್ರೈವರ್ ಇಲ್ಲ, ಪರದೆಯ ಬೆಳಕು ಹೆಚ್ಚು ಕಡಿಮೆ ಮಾಡ್ಲಿಕ್ಕಾಗುವುದಿಲ್ಲ, ಸ್ಲೀಪ್ ಇಲ್ಲ. ಎಎಕ್ಸ್201 ವೈಫೈಗೆ ಇಂಟೆಲ್ ವಿಂಡೋಸ್ 7ರ ಡ್ರೈವರ್ ಕೊಡಲೇ ಇಲ್ಲ. ಟಚ್‌ಪ್ಯಾಡ್ ಐ2ಸಿ ಎಂಬ ಸಂಪರ್ಕದ ಮೇಲೆ ಕೂತಿದ್ದರೆ ಅದೂ ಸತ್ತ ಹಾಗೆ. ಅಷ್ಟು ಒದ್ದಾಡಿ ಸಿಗುವುದು ಅರೆಬರೆ ಯಂತ್ರ.

ಉಪ್ಪಳ:
ಮೇಲಿನ ಮಾತು ಸರಿ. ನೇರವಾಗಿಯೇ ಬೇಕು ಅನ್ನುವವರು 6ನೇ ತಲೆಮಾರಿನ ಸೆಕೆಂಡ್‌ಹ್ಯಾಂಡ್ ಯಂತ್ರ ನೋಡಿ. ಮೈಕ್ರೋಸಾಫ್ಟ್ ವಿಂಡೋಸ್ 7ಕ್ಕೆ ಒಪ್ಪಿದ್ದು ಅಲ್ಲಿವರೆಗೆ ಮಾತ್ರ, 7ನೆಯದರಿಂದ ಅಪ್‌ಡೇಟನ್ನೇ ತಡೆದರು. ಬಯೋಸಿನಲ್ಲಿ ಸೆಕ್ಯೂರ್ ಬೂಟ್ (ಸಹಿ ಇಲ್ಲದ್ದು ಶುರುವಾಗದ ಹಾಗೆ ತಡೆಯುವ ಕಾವಲು) ಆಫ್, ಸಿಎಸ್‌ಎಂ ಆನ್ ಮಾಡಿ. 6ನೇ ತಲೆಮಾರಿನಲ್ಲಿಯೂ ಒಂದು ಕಡೆ ಸಿಕ್ಕಿಬೀಳ್ತದೆ: ಸೆಟಪ್ ಶುರುವಾಗಿ 'ಸಿಡಿ ಡಿವಿಡಿ ಡ್ರೈವರ್ ಇಲ್ಲ' ಅನ್ತದೆ. ಸಿಡಿಗೂ ಅದಕ್ಕೂ ಸಂಬಂಧ ಇಲ್ಲ. ಯುಎಸ್‌ಬಿ 3ರ ಡ್ರೈವರ್ ವಿಂಡೋಸ್ 7ರ ಡಿಸ್ಕಿನಲ್ಲಿ ಇಲ್ಲದ್ದರಿಂದ ತಾನು ಹೊರಟ ಪೆನ್‌ಡ್ರೈವನ್ನೇ ಸೆಟಪ್ ಕಾಣುವುದಿಲ್ಲ. ಲ್ಯಾಪ್‌ಟಾಪಿನ ಸ್ವಂತ ಕೀಬೋರ್ಡ್ ಹೆಚ್ಚಾಗಿ ಯುಎಸ್‌ಬಿ ಅಲ್ಲದ ಹಳೆ ಪಿಎಸ್2 ದಾರಿಯಲ್ಲಿರುವುದರಿಂದ ಅದು ಮಾತ್ರ ಕೆಲಸ ಮಾಡ್ತದೆ, ಜನ ಅಲ್ಲಿ ಮೋಸ ಹೋಗುವುದು. ಡಿಸ್ಮ್ ಎಂಬ ವಿಂಡೋಸಿನ ಕಮಾಂಡ್ ಬಳಸಿ ಇಂಟೆಲಿನ ಯುಎಸ್‌ಬಿ 3 ಡ್ರೈವರನ್ನು ಪೆನ್‌ಡ್ರೈವಿನ ಬೂಟ್.ವಿಮ್ ಫೈಲಿನ 1 ಮತ್ತು 2ನೇ ಇಂಡೆಕ್ಸಿಗೂ, ಇನ್‌ಸ್ಟಾಲ್.ವಿಮ್‌ಗೂ ಸೇರಿಸಿ. ಡಿಸ್ಕ್ ಎನ್‌ವಿಎಂಇ ಆಗಿದ್ದರೆ ಕೆಬಿ2990941 ಮತ್ತು ಕೆಬಿ3087873 ಎಂಬ ಮೈಕ್ರೋಸಾಫ್ಟ್ ಅಪ್‌ಡೇಟುಗಳನ್ನು ಕೂಡ.

ಕಾಸರಗೋಡು:
ಅಕ್ಕಾ, ನಿಮ್ಮ ಕೆಲಸಕ್ಕೆ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶ ಸಾಕು. ವಿಂಡೋಸ್ 11 ಹಾಗೇ ಇರಲಿ, ಅದರ ಒಳಗೆ ವಿಂಡೋಸ್ 7 ಓಡಲಿ. ಬಯೋಸಿನಲ್ಲಿ ವರ್ಚುವಲೈಸೇಶನ್ ಆನ್ ಉಂಟಾ ನೋಡಿ. ಅತಿಥಿ ಯಂತ್ರಕ್ಕೆ (ಅಂದರೆ ಒಳಗೆ ಓಡುವ ವಿಂಡೋಸ್ 7ಕ್ಕೆ) 2 ಕೋರ್, 2 ಜಿಬಿ ರ‍್ಯಾಮ್, 40 ಜಿಬಿ ಡಿಸ್ಕ್ ಕೊಡಿ. ನಿಮ್ಮ ಕೀ ಇರುವ 32 ಬಿಟ್ ವಿಂಡೋಸ್ 7 ಹಾಕಿ. 64 ಬಿಟ್ ಬೇಡ, ಯಾಕೆಂದರೆ ಹಳೆ ತಂತ್ರಾಂಶಗಳ 16 ಬಿಟ್ ಇನ್‌ಸ್ಟಾಲರ್ ಅದರಲ್ಲಿ ಏಳುವುದೇ ಇಲ್ಲ. ಆಮೇಲೆ ಕೆಬಿ4490628, ಕೆಬಿ4474419 ಇದೇ ಕ್ರಮದಲ್ಲಿ ಹಾಕಿ, ಅನಂತರ ವರ್ಚುವಲ್‌ಬಾಕ್ಸಿನ ಡ್ರೈವರುಗಳ ಕಟ್ಟಾದ ಗೆಸ್ಟ್ ಅಡಿಶನ್ಸ್. ಕೆಬಿ4474419 ಇಲ್ಲದಿದ್ದರೆ ಶಾ-2 ಎಂಬ ಡಿಜಿಟಲ್ ಸಹಿಯ ಹೊಸ ಡ್ರೈವರುಗಳನ್ನು ವಿಂಡೋಸ್ 7 ಗುರುತಿಸುವುದಿಲ್ಲ.

ಇನ್ನು ಮುಖ್ಯ ಸಂಗತಿ. ಪೇಜ್‌ಮೇಕರ್ ಚಿತ್ರಗಳ ಲಿಂಕನ್ನು ಪೂರ್ತಿ ಪಾತ್ ಸಮೇತ ಇಟ್ಟುಕೊಳ್ತದೆ. ಹಳೆ ಯಂತ್ರದಲ್ಲಿ ಫೈಲುಗಳು ಡಿ ಡ್ರೈವಿನಲ್ಲಿ ಇದ್ದರೆ ಇಲ್ಲಿಯೂ ಡಿ ಆಗಿಯೇ ಇರಬೇಕು, ಇಲ್ಲದಿದ್ದರೆ ಒಂದೊಂದು ಗಣಪತಿ, ಒಂದೊಂದು ಬಾರ್ಡರಿಗೂ 'ಲಿಂಕ್ ಎಲ್ಲಿ' ಅಂತ ಕೇಳ್ತದೆ. ಆದರೆ ವರ್ಚುವಲ್ ಯಂತ್ರದಲ್ಲಿ ಡಿ ಅಕ್ಷರವನ್ನು ಸಿಡಿ ಡ್ರೈವ್ ಮೊದಲೇ ಹಿಡಿದಿರ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಸಿಡಿಗೆ ಆರ್ ಕೊಡಿ. ಆಮೇಲೆ ವರ್ಚುವಲ್‌ಬಾಕ್ಸಿನ ಶೇರ್ಡ್ ಫೋಲ್ಡರಿನಲ್ಲಿ ಹಳೆ ಡಿಯ ಫೈಲುಗಳಿರುವ ಫೋಲ್ಡರ್ ಸೇರಿಸಿ, ಆಟೋ ಮೌಂಟ್ ಟಿಕ್ ಮಾಡಿ, ಮೌಂಟ್ ಪಾಯಿಂಟಿನಲ್ಲಿ ಡಿ ಮತ್ತು ಕೋಲನ್ ಬರೆಯಿರಿ. ಹಳೆ ಡಿಯ ಒಳಗಿನ ಫೋಲ್ಡರುಗಳ ಹೆಸರು ಮಾತ್ರ ಬದಲಿಸಬೇಡಿ.

ಬದಿಯಡ್ಕ:
ಇಷ್ಟು ಆಯ್ತು. ಆದರೆ ವಿಪರೀತ ನಿಧಾನ, ಕೆಳಗೆ ಆಮೆಯ ಚಿತ್ರ ಕಾಣ್ತದೆ. ನುಡಿ ಆನ್ ಮಾಡಿದರೂ ಪೇಜ್‌ಮೇಕರಿನಲ್ಲಿ ಇಂಗ್ಲಿಷೇ ಬೀಳ್ತದೆ.

ಕಾಸರಗೋಡು:
ಆಮೆ ಅಂದರೆ ವಿಂಡೋಸ್ 11ರ ಹೈಪರ್‌ವಿ (ಅದರದ್ದೇ ವರ್ಚುವಲ್ ಯಂತ್ರದ ಭಾಗ) ಎದ್ದು ಕೂತಿದೆ, ವರ್ಚುವಲ್‌ಬಾಕ್ಸಿಗೆ ಪ್ರೊಸೆಸರ್ ನೇರ ಸಿಗ್ತಾ ಇಲ್ಲ. ವಿಂಡೋಸ್ ಸೆಕ್ಯೂರಿಟಿಯ ಕೋರ್ ಐಸೊಲೇಶನಿನಲ್ಲಿ ಮೆಮೊರಿ ಇಂಟೆಗ್ರಿಟಿ ಆಫ್, ವಿಂಡೋಸ್ ಫೀಚರ್ಸಿನಲ್ಲಿ ವರ್ಚುವಲ್ ಮೆಷಿನ್ ಪ್ಲಾಟ್‌ಫಾರ್ಮ್ ಆಫ್ ಮಾಡಿ ರೀಸ್ಟಾರ್ಟ್ ಕೊಡಿ. ರಕ್ಷಣೆ ಸ್ವಲ್ಪ ಕಡಿಮೆಯಾಗ್ತದೆ, ಹಾಗಾಗಿ ಆ ಯಂತ್ರದಲ್ಲಿ ಬ್ಯಾಂಕಿನ ಕೆಲಸ ಮಾಡದಿದ್ದರೆ ಒಳ್ಳೆಯದು.

ನುಡಿಯದ್ದು ಬೇರೆ. ನೀವು ಪೇಜ್‌ಮೇಕರನ್ನು ಅಡ್ಮಿನಿಸ್ಟ್ರೇಟರ್ ಆಗಿ, ನುಡಿಯನ್ನು ಸುಮ್ಮನೆ ತೆರೆದಿರಬೇಕು. ಕೆಳಗಿನ ಅಧಿಕಾರದ ಪ್ರೋಗ್ರಾಮ್ ಮೇಲಿನದಕ್ಕೆ ಅಕ್ಷರ ಕಳಿಸದ ಹಾಗೆ ವಿಂಡೋಸ್ ತಡೆಯುತ್ತದೆ. ಎರಡನ್ನೂ ಒಂದೇ ರೀತಿ ತೆರೆಯಿರಿ. ಐಎಸ್‌ಎಂಗೂ ಇದೇ.

ಪೆರ್ಲ:
ಕೇರಳದ ಶಾಲೆಗಳ ಕೈಟ್ ಉಬುಂಟು (ಲಿನಕ್ಸ್) ಅಭ್ಯಾಸ ಇರುವವರು ಅದರ ಮೇಲೆಯೇ ವರ್ಚುವಲ್‌ಬಾಕ್ಸ್ ಹಾಕಬಹುದು, ಆಮೆಯ ತಕರಾರು ಇಲ್ಲ. ಸೆಕ್ಯೂರ್ ಬೂಟ್ ಆನ್ ಇದ್ದರೆ ಮಾತ್ರ ವರ್ಚುವಲ್‌ಬಾಕ್ಸಿನ ಕರ್ನಲ್ ಮಾಡ್ಯೂಲಿಗೆ (ಲಿನಕ್ಸಿನ ಒಳಗೆ ಸೇರುವ ಭಾಗಕ್ಕೆ) ಸಹಿ ಮಾಡಬೇಕಾಗ್ತದೆ.

ಪ್ರೆಸ್ಸಿಗೆ ಪಿಡಿಎಫ್ ಕಳಿಸುವಾಗ ಎಚ್ಚರ. ಅತಿಥಿ ವಿಂಡೋಸಿನಲ್ಲಿ ಪೋಸ್ಟ್‌ಸ್ಕ್ರಿಪ್ಟ್ (ಪ್ರಿಂಟಿಗೆ ಪುಟ ವಿವರಿಸುವ ಭಾಷೆ) ಪ್ರಿಂಟರಿನ ಡ್ರೈವರ್ ಹಾಕಿ ಡೀಫಾಲ್ಟ್ ಮಾಡಿ, ಅಡ್ವಾನ್ಸ್ಡ್‌ನಲ್ಲಿ ಟ್ರೂಟೈಪ್ ಫಾಂಟಿಗೆ 'ಡೌನ್‌ಲೋಡ್ ಆಸ್ ಸಾಫ್ಟ್‌ಫಾಂಟ್' ಆರಿಸಿ. ಡಿವೈಸ್ ಫಾಂಟ್ ಅಂತ ಬಿಟ್ಟರೆ ಒತ್ತಕ್ಷರ ಇರುವಲ್ಲಿ ಬೇರೆ ಗುರುತು ಕೂರ್ತದೆ. ಪಿಎಸ್ (ಪೋಸ್ಟ್‌ಸ್ಕ್ರಿಪ್ಟ್) ಫೈಲನ್ನು ಡಿಗೆ ಪ್ರಿಂಟ್ ಮಾಡಿ, ಹೊರಗಿನ ಯಂತ್ರದಲ್ಲಿ ಗೋಸ್ಟ್‌ಸ್ಕ್ರಿಪ್ಟ್ ತಂತ್ರಾಂಶದಿಂದ ಪಿಡಿಎಫ್ ಮಾಡಿ. ಫಾಂಟ್ ಪೂರ್ತಿ ಒಳಗೆ ಸೇರಿದೆಯಾ ಅಂತ ಪಿಡಿಎಫ್‌ನ ಪ್ರಾಪರ್ಟೀಸ್‌ನಲ್ಲಿ ನೋಡಿಯೇ ಕಳಿಸಿ.

ಬದಿಯಡ್ಕ:
ಶ್ರೀಲಿಪಿಯ ಯುಎಸ್‌ಬಿ ಡಾಂಗಲ್ (ಲೈಸೆನ್ಸಿನ ಕೀಲಿ) ಒಳಗಿನ ವಿಂಡೋಸ್ 7ರಲ್ಲಿ ಕಾಣ್ತಾ ಇಲ್ಲವಲ್ಲ?

ಕಾಸರಗೋಡು:
ವರ್ಚುವಲ್‌ಬಾಕ್ಸಿನಲ್ಲಿ ಅತಿಥಿ ಯಂತ್ರದ ಸೆಟ್ಟಿಂಗಿನಲ್ಲಿ ಯುಎಸ್‌ಬಿಗೆ ಹೋಗಿ ಆ ಡಾಂಗಲಿಗೆ ಒಂದು ಫಿಲ್ಟರ್ ಸೇರಿಸಿ, ಒಮ್ಮೆ ತೆಗೆದು ಮತ್ತೆ ಚುಚ್ಚಿ. ಅದರ ಡ್ರೈವರ್ ಒಳಗಿನ ವಿಂಡೋಸ್ 7ಕ್ಕೆ ಬೇಕು, ಹೊರಗೆ ಬೇಡ. ಹಳೆ ಸ್ಕ್ಯಾನರಿಗೂ ಹೀಗೆಯೇ. ಎಲ್ಲ ಕೂತ ಮೇಲೆ ಅತಿಥಿಯ ನೆಟ್‌ವರ್ಕನ್ನು 'ನಾಟ್ ಅಟ್ಯಾಚ್ಡ್' ಮಾಡಿಬಿಡಿ. ವಿಂಡೋಸ್ 7ಕ್ಕೆ ಬೆಂಬಲ 2020ರ ಜನವರಿ 14ಕ್ಕೆ ಮುಗಿದಿದೆ, ಅದನ್ನು ಇಂಟರ್‌ನೆಟ್ಟಿಗೆ ಬಿಡಬಾರದು. ಮತ್ತೆ ಅತಿಥಿ ಯಂತ್ರವನ್ನು ಶಟ್‌ಡೌನ್ ಮಾಡಿ, ಅದರ ಇಡೀ ಫೋಲ್ಡರನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲು ಮಾಡಿ ಇಡಿ. ಮುಂದೆ ಲ್ಯಾಪ್‌ಟಾಪ್ ಬದಲಿಸಿದರೂ ಆ ಫೋಲ್ಡರ್ ತಂದು ವರ್ಚುವಲ್‌ಬಾಕ್ಸಿನಲ್ಲಿ ತೆರೆದರೆ ಆಯ್ತು.