ಲೇಹ್‌ನಿಂದ ಹೊರಡುವಾಗ ಮಾತ್ರ ಚೀಲಗಳನ್ನು ಇಳಿಸಿದ್ದೇಕೆ?

ಪ್ರಶ್ನೆ:
ಕಳೆದ ಜುಲೈನಲ್ಲಿ ಲೇಹ್‌ನಿಂದ ದೆಹಲಿಗೆ ಮರಳುವಾಗ, ತೂಕ ಮಿತಿ ಮೀರಿದೆಯೆಂದು ಹೇಳಿ ಹಲವರ ಚೀಲಗಳನ್ನು ವಿಮಾನದಿಂದ ಇಳಿಸಿದರು. ಹಸಿರು ಪಟ್ಟಿ ಕಟ್ಟಿದ್ದ ನಮ್ಮ ಚೀಲವೂ ಗಾಡಿಯ ಮೇಲೆ ಹಿಂದಿರುಗಿದ್ದನ್ನು ಕಿಟಕಿಯಿಂದಲೇ ಕಂಡೆ. ಹೋಗುವಾಗ ಅದೇ ಮಾದರಿಯ ವಿಮಾನ ಅಷ್ಟೇ ಸಾಮಾನನ್ನು ಹೊತ್ತು ತಂದಿತ್ತು. ತೂಕದ ಮಿತಿ ಊರಿಂದೂರಿಗೆ ಬದಲಾಗುತ್ತದೆಯೇ?

ಉತ್ತರ 1:
ಖಂಡಿತ ಬದಲಾಗುತ್ತದೆ. ಹೋಗುವಾಗ ನೀವು ಮೇಲೇರಿದ್ದು ದೆಹಲಿಯಿಂದ, ಅಂದರೆ ಸಮುದ್ರಮಟ್ಟದಿಂದ ಸುಮಾರು 240 ಮೀಟರ್ ಎತ್ತರದಿಂದ. ಬರುವಾಗ ಸುಮಾರು 3,250 ಮೀಟರ್ ಎತ್ತರದ ಲೇಹ್‌ನಿಂದ. ರೆಕ್ಕೆ ವಿಮಾನವನ್ನು ಎತ್ತುವ ಬಲವು ಗಾಳಿಯ ಸಾಂದ್ರತೆಯನ್ನೂ ವೇಗದ ವರ್ಗವನ್ನೂ ಅವಲಂಬಿಸಿರುತ್ತದೆ. ಉಷ್ಣಾಂಶ 25 ಡಿಗ್ರಿ ಇದ್ದಾಗ ಲೇಹ್‌ನ ಗಾಳಿಯ ಸಾಂದ್ರತೆ, ಸಮುದ್ರಮಟ್ಟದಲ್ಲಿ ಸಾಮಾನ್ಯವಾಗಿ ಇರುವುದರ ಮೂರರಲ್ಲಿ ಎರಡು ಪಾಲು ಮಾತ್ರ. ಆದ್ದರಿಂದ ಅದೇ ತೂಕದ ವಿಮಾನ ನೆಲ ಬಿಡಲು ಸುಮಾರು ಶೇ. 22ರಷ್ಟು ಹೆಚ್ಚು ವೇಗ ಪಡೆಯಬೇಕು, ರನ್‌ವೇಯಲ್ಲಿ ಕನಿಷ್ಠ ಒಂದೂವರೆ ಪಟ್ಟು ದೂರ ಓಡಬೇಕು. ಕನಿಷ್ಠ ಎಂದದ್ದು ಏಕೆಂದರೆ, ತೆಳುವಾದ ಗಾಳಿಯಲ್ಲಿ ಎಂಜಿನ್‌ನ ನೂಕುಬಲವೂ ಕುಗ್ಗುತ್ತದೆ. ಇವೆಲ್ಲವನ್ನೂ ಸರಿದೂಗಿಸಲು ಇಳಿಸಬಹುದಾದದ್ದು ತೂಕವೊಂದನ್ನೇ.

ಉತ್ತರ 2:
ಮೇಲಿನ ವಿವರಣೆ ಸರಿಯಾಗಿದೆ, ಆದರೆ ರನ್‌ವೇ ಸಾಕಾಗುವುದೊಂದೇ ಪ್ರಶ್ನೆಯಲ್ಲ. ಮೇಲೇರುವ ಹೊತ್ತಿನಲ್ಲಿ ಒಂದು ಎಂಜಿನ್ ಕೆಟ್ಟರೂ, ಎರಡು ಎಂಜಿನ್‌ಗಳ ಜೆಟ್ ವಿಮಾನವು ಚಕ್ರಗಳನ್ನು ಮಡಿಸಿದ ಮೇಲೆ ಪ್ರತಿ 100 ಮೀಟರಿಗೆ 2.4 ಮೀಟರ್‌ನಂತೆ ಏರಬಲ್ಲದು ಎಂದು ಲೆಕ್ಕ ಹಾಕಿಯೇ ತೂಕವನ್ನು ನಿಗದಿಪಡಿಸುತ್ತಾರೆ. ಸುತ್ತ ಬೆಟ್ಟಗಳಿರುವ ಲೇಹ್‌ನಲ್ಲಿ ಅವುಗಳನ್ನು ದಾಟುವಷ್ಟು ಏರಿಕೆಯೂ ಬೇಕು. ನಿಮ್ಮ ಚೀಲ ಇಳಿದದ್ದು ಆ ಒಂದು ಎಂಜಿನ್ನಿನ ಲೆಕ್ಕಕ್ಕಾಗಿ ಇರಬಹುದು. ಇಳಿಸಿದ್ದು ತಪ್ಪಲ್ಲ, ಪ್ರಯಾಣಿಕರಿಗೆ ಮೊದಲೇ ತಿಳಿಸದಿದ್ದರೆ ಅದು ತಪ್ಪೆಂದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಚೀಲಗಳ ಬದಲು ಇಂಧನವನ್ನೇ ಕಡಿಮೆ ಮಾಡಬಹುದಿತ್ತಲ್ಲವೇ?

ಉತ್ತರ 2:
ಒಂದು ಮಿತಿಯವರೆಗೆ ಮಾತ್ರ. ದೆಹಲಿ ತಲುಪಲು ಬೇಕಾದದ್ದಲ್ಲದೆ, ಅಲ್ಲಿ ಇಳಿಯಲಾಗದಿದ್ದರೆ ಬೇರೆ ನಿಲ್ದಾಣಕ್ಕೆ ಹೋಗುವಷ್ಟು ಮತ್ತು ಅದರ ಮೇಲೆ 30 ನಿಮಿಷ ಹಾರುವಷ್ಟು ಇಂಧನ ಇರಲೇಬೇಕು. ಇನ್ನೊಂದು ಮಾತು: ನಿಮ್ಮ ವಿಮಾನ ನಿಗದಿತ ಸಮಯಕ್ಕೇ ಹೊರಟಿತೇ?

ಪ್ರಶ್ನೆ ಕೇಳಿದವರು:
ಇಲ್ಲ, ಬೆಳಿಗ್ಗೆ ಎಂಟಕ್ಕೆ ಹೊರಡಬೇಕಿದ್ದದ್ದು ಹತ್ತು ಗಂಟೆಯಾಯಿತು.

ಉತ್ತರ 1:
ಹಾಗಿದ್ದರೆ ಆ ಎರಡು ಗಂಟೆಗಳ ಬಿಸಿಲೂ ನಿಮ್ಮ ಚೀಲವನ್ನು ಇಳಿಸಿರಬಹುದು. ಉಷ್ಣಾಂಶ ಏರಿದಂತೆ ಅನುಮತಿಸಿದ ತೂಕ ಇಳಿಯುತ್ತದೆ. ಲೇಹ್‌ನ ವಿಮಾನಗಳು ಹೆಚ್ಚಾಗಿ ಮುಂಜಾನೆಯೇ ಹೊರಡುವುದಕ್ಕೆ ಇದೂ ಒಂದು ಕಾರಣ.