ಮಾಡೆಲ್ ವಿಮಾನದ ಹೊಸ 46 ಎಬಿಸಿ ಎಂಜಿನ್, ಪಿಸ್ಟನ್ ಮೇಲೆ ಬರುವಾಗ ಹಿಡಿಯುತ್ತದೆ, ರನ್ನಿಂಗ್-ಇನ್ (ಹೊಸ ಎಂಜಿನ್ ಪಳಗಿಸುವುದು) ಹೇಗೆ?

ಸುರತ್ಕಲ್ ಬಾಲ್ಸಾ:
46 ಸೈಜಿನ (7.5 ಸಿಸಿ) ಹೊಸ ಟೂ ಸ್ಟ್ರೋಕ್ ಗ್ಲೋ ಎಂಜಿನ್ (ಬಿಸಿ ತಂತಿಯ ಗ್ಲೋ ಪ್ಲಗ್‌ನಿಂದ ಇಂಧನ ಉರಿಯುವಂಥದ್ದು), ಎಬಿಸಿ (ಅಲ್ಯುಮಿನಿಯಂ ಪಿಸ್ಟನ್, ಹಿತ್ತಾಳೆ ಸ್ಲೀವ್, ಕ್ರೋಮ್ ಲೇಪ). ಕೈಯಲ್ಲಿ ತಿರುಗಿಸಿದರೆ ಪಿಸ್ಟನ್ ತುದಿಗೆ ಬರುವಾಗ ಗಟ್ಟಿಯಾಗಿ ಹಿಡಿದು ಕೀಂಯ್ ಅನ್ನುತ್ತದೆ. ದೋಷ ಉಂಟಾ? ಎರಡು ಟ್ಯಾಂಕ್ ಪೂರ್ತಿ ರಿಚ್ ಆಗಿ (ಇಂಧನದ ಪಾಲು ಹೆಚ್ಚಿಟ್ಟು) ಓಡಿಸಿ ಅನ್ನುತ್ತಾರೆ, ಸರಿಯಾ? ಈ ಮಳೆಯಲ್ಲಿ ಓಡಿಸಬಹುದಾ?

ಮಣಿಪಾಲ ನೀಡಲ್:
ದೋಷ ಅಲ್ಲ ಮಾರಾಯ್ರೆ, ಅದು ಹಾಗೇ ಇರಬೇಕು. ಎಬಿಸಿಯಲ್ಲಿ ಕ್ರೋಮ್ ಲೇಪದ ಹಿತ್ತಾಳೆ ಸ್ಲೀವ್ (ಪಿಸ್ಟನ್ ಓಡಾಡುವ ಒಳಕೊಳವೆ) ಮೇಲ್ಗಡೆ ಸ್ವಲ್ಪ ಕಿರಿದು. ಬಿಸಿಯಾದಾಗ ಹಿಗ್ಗಿ ಸರಿಯಾದ ಅಳತೆಗೆ ಬರುತ್ತದೆ. ಟ್ಯಾಂಕ್‌ಗಟ್ಟಲೆ ರಿಚ್ ಓಡಿಸುವುದು ರಿಂಗ್ ಇರುವ ಎಂಜಿನ್‌ಗೆ. ಎಬಿಸಿಗೆ ಹಾಗೆ ಮಾಡಿದರೆ ಸ್ಲೀವ್ ತಣ್ಣಗೇ ಉಳಿದು, ಪಿಸ್ಟನ್ ಪ್ರತಿ ಸುತ್ತಿಗೂ ಆ ಬಿಗಿಯಲ್ಲಿ ಉಜ್ಜಿ ಸವೆಯುತ್ತದೆ, ಕನೆಕ್ಟಿಂಗ್ ರಾಡಿಗೂ ಪೆಟ್ಟು.

ಬೋಗಿಯಂಥ ಗಟ್ಟಿ ಮರದ ಹಲಗೆಗೆ ಬೋಲ್ಟ್ ಹಾಕಿ ಕೂರಿಸಿ. ವೈಸ್‌ನಲ್ಲಿ ಹಿಡಿದರೆ ಕ್ರ್ಯಾಂಕ್‌ಕೇಸ್ ಸೊಟ್ಟಗಾಗುತ್ತದೆ. 11×5 ಇಂಚಿನ ಪ್ರೊಪೆಲ್ಲರ್, ಇಂಧನದಲ್ಲಿ ನೈಟ್ರೋ (ನೈಟ್ರೋಮೀಥೇನ್) 5%, ಎಣ್ಣೆ 18ರಿಂದ 20%, ಅದರಲ್ಲಿ ಹರಳೆಣ್ಣೆಯ ಪಾಲು ಇರಲೇಬೇಕು. ಸಿಲಿಂಡರ್ ಹೆಡ್ಡಿಗೆ ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಿದರೆ ಆ ಕೀಂಯ್ ಕಡಿಮೆಯಾಗುತ್ತದೆ, ಸ್ಟಾರ್ಟ್ ಸುಲಭ.

ನೀಡಲ್ (ಇಂಧನ ಹೆಚ್ಚು-ಕಡಿಮೆ ಮಾಡುವ ತಿರುಪು) ಪೂರ್ತಿ ಮುಚ್ಚಿ ಎರಡೂವರೆ-ಮೂರು ಸುತ್ತು ಬಿಚ್ಚಿ ಶುರು ಮಾಡಿ. ಅರ್ಧ ನಿಮಿಷ ಬಿಟ್ಟು ಥ್ರಾಟಲ್ ಪೂರ್ತಿ ತೆರೆದು, ದಪ್ಪ ದನಿ ಚೂಪಾಗಿ ಮತ್ತೆ ದಪ್ಪವಾಗುವ ಗಡಿಗೆ ಬರುವಷ್ಟು ನೀಡಲ್ ಬಿಗಿ ಮಾಡಿ. ಎರಡು ನಿಮಿಷ ಓಡಿಸಿ ನಿಲ್ಲಿಸಿ, ಹೆಡ್ ಮುಟ್ಟಿದರೆ ತಣ್ಣಗಿರುವವರೆಗೆ ಕಾಯಿರಿ. ಹೀಗೆ ಐದಾರು ಸಲ. ನಿಲ್ಲಿಸಿದ ಮೇಲೆ ಪಿಸ್ಟನ್ ಮೇಲ್ತುದಿಯಲ್ಲಿ ಉಳಿಯಬಾರದು, ತಣಿಯುವಾಗ ಸ್ಲೀವ್ ಕುಗ್ಗಿ ಕಚ್ಚಿಕೊಳ್ಳುತ್ತದೆ. ಪ್ರೊಪೆಲ್ಲರ್ ತಿರುಗಿಸಿ ಕೆಳಗೆ ತಂದಿಡಿ.

ಪಡುಬಿದ್ರಿ ಗ್ಲೋ:
ಒಂದು ಪರೀಕ್ಷೆ: ಫುಲ್ ಥ್ರಾಟಲ್‌ನಲ್ಲಿ ಇಂಧನದ ಕೊಳವೆಯನ್ನು ಕ್ಷಣ ಮಾತ್ರ ಬೆರಳಲ್ಲಿ ಹಿಚುಕಿ. ಆರ್‌ಪಿಎಂ ಏರಿದರೆ ರಿಚ್ ಉಂಟು, ಸರಿ. ಏರದೆ ನೇರ ಕುಸಿದರೆ ಲೀನ್ (ಇಂಧನ ಕಮ್ಮಿ), ತಕ್ಷಣ ನೀಡಲ್ ಬಿಚ್ಚಿ. ಪ್ರೊಪೆಲ್ಲರ್ ಹಿಂದಿನಿಂದಲೇ ಕೈ ಹಾಕಬೇಕು, ಕನ್ನಡಕ ಕಡ್ಡಾಯ.

ಎಲೆಕ್ಟ್ರಿಕ್ ಸ್ಟಾರ್ಟರ್ ಹಿಡಿಯುವ ಮೊದಲು ಒಂದು ಸುತ್ತು ಕೈಯಲ್ಲಿ ತಿರುಗಿಸಿ ನೋಡಿ. ಒಳಗೆ ಇಂಧನ ತುಂಬಿ ಗಟ್ಟಿಯಾಗಿ ನಿಂತಿದ್ದರೆ ಸ್ಟಾರ್ಟರ್ ಬಲಕ್ಕೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಪ್ಲಗ್ ಬಿಚ್ಚಿ, ತಲೆಕೆಳಗೆ ಮಾಡಿ ಬಸಿಯಿರಿ.

ಸುರತ್ಕಲ್ ಬಾಲ್ಸಾ:
ಥ್ಯಾಂಕ್ಸ್. ಮಳೆಯದ್ದು?

ಕಾಪು ಕಡಲ್:
ಮಳೆ ಬಿಟ್ಟ ಹೊತ್ತಲ್ಲಿ ಓಡಿಸಬಹುದು, ಆದರೆ ಇಂಧನದ ಮೇಲೆ ಕಣ್ಣಿಡಿ. ಅದರಲ್ಲಿರುವ ಮೆಥನಾಲ್ ನಮ್ಮ ಕರಾವಳಿಯ ತೇವ ಹೀರುತ್ತದೆ. ಅರ್ಧ ಖಾಲಿ ಕ್ಯಾನ್ ಮುಚ್ಚಳ ಸಡಿಲ ಇಟ್ಟರೆ ನೀರು ಸೇರಿ ಐಡಲ್ ನಿಲ್ಲದೆ ಎಂಜಿನ್ ಆಫ್ ಆಗುತ್ತದೆ, ಜನ ನೀಡಲ್ ತಿರುಗಿಸುತ್ತಲೇ ಇರುತ್ತಾರೆ. ಚಿಕ್ಕ ಕ್ಯಾನ್‌ಗಳಲ್ಲಿ ಅಂಚಿನವರೆಗೆ ತುಂಬಿಸಿ ಬಿಗಿ ಮುಚ್ಚಿಡಿ.

ದಿನದ ಕೊನೆಗೆ ಇಂಧನದ ಕೊಳವೆ ಕಿತ್ತು ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ. ಬಳಿಕ ಕಾರ್ಬ್ಯುರೇಟರ್‌ಗೆ ಐದಾರು ಹನಿ ಆಫ್ಟರ್-ರನ್ ಎಣ್ಣೆ (ಓಡಿಸಿದ ಮೇಲೆ ತುಕ್ಕು ತಡೆಯಲು ಹಾಕುವ ಎಣ್ಣೆ) ಹಾಕಿ ಹತ್ತು-ಹದಿನೈದು ಸುತ್ತು ತಿರುಗಿಸಿ. ಬಿಟ್ಟರೆ ಮೊದಲು ತುಕ್ಕು ಹಿಡಿಯುವುದು ಹಿಂದಿನ ಬೇರಿಂಗ್, ತಿರುಗಿಸುವಾಗ ಮರಳು ಸಿಕ್ಕಿದ ಹಾಗೆ ಕರಕರ ಅನ್ನುತ್ತದೆ.

ಬೇಸಿಗೆಯಲ್ಲಿ ಓಡಿಸುವುದಾದರೆ ಮುರಕಲ್ಲಿನ ಅಂಗಳಕ್ಕೆ ನೀರು ಚಿಮುಕಿಸಿ, ಇಲ್ಲವೆ ಹುಲ್ಲಿನ ಮೇಲೆ ಇಡಿ. ಕಾರ್ಬ್ಯುರೇಟರ್‌ಗೆ ಫಿಲ್ಟರ್ ಇಲ್ಲ, ಪ್ರೊಪೆಲ್ಲರ್ ಎಬ್ಬಿಸಿದ ಕೆಂಪು ಧೂಳು ನೇರ ಒಳಗೆ ಹೋಗುತ್ತದೆ.