ಹೊಟ್ಟೆಯ ಕೊಬ್ಬು ತೆಗೆದು ಮಂಡಿಗೆ ಇಂಜೆಕ್ಷನ್: ಮಾಡಿಸಬಹುದಾ?

ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ 61 ವರ್ಷ, ಎಕ್ಸ್‌ರೇಯಲ್ಲಿ ಮಂಡಿ ಸವೆತ ಮೂರನೇ ಗ್ರೇಡ್ ಅಂತಿದೆ. ಹೊಟ್ಟೆಯ ಕೊಬ್ಬು ತೆಗೆದು ಮಂಡಿಗೆ ಹಾಕಿದರೆ ಕಾರ್ಟಿಲೇಜ್ (ಕೀಲಲ್ಲಿ ಮೂಳೆ ತುದಿಯ ನುಣುಪು ಹೊದಿಕೆ) ಮತ್ತೆ ಬೆಳೆಯುತ್ತೆ, ಆಪರೇಷನ್ನೇ ಬೇಡ ಅಂತಾರೆ. ನಿಜವಾ?

ಉತ್ತರ (ಮೂಳೆ ಡಾಕ್ಟರ್): ಕಾರ್ಟಿಲೇಜ್ ಬೆಳೆಯುವ ಮಾತನ್ನ ಪಕ್ಕಕ್ಕಿಡಿ. ಕೆಲವರಿಗೆ ನೋವು, ಬಿಗಿತ ಒಂದಷ್ಟು ತಿಂಗಳು ತಗ್ಗುತ್ತೆ, ಕೆಲವರಿಗೆ ಏನೂ ಆಗಲ್ಲ. ಅಮೆರಿಕದಲ್ಲಿ ಸುಮಾರು 480 ರೋಗಿಗಳ ಮೇಲೆ ನಡೆದ ಟ್ರಯಲ್ 2023ರಲ್ಲಿ ನೇಚರ್ ಮೆಡಿಸಿನ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮೂಳೆಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿ, ಈ ಮೂರರ ಕೋಶಗಳನ್ನೂ ಸಾಮಾನ್ಯ ಸ್ಟೀರಾಯ್ಡ್ ಇಂಜೆಕ್ಷನ್ ಜೊತೆ ಹೋಲಿಸಿದರು. ಒಂದು ವರ್ಷದ ಹೊತ್ತಿಗೆ ಯಾವುದೂ ಸ್ಟೀರಾಯ್ಡನ್ನ ಮೀರಿಸಲಿಲ್ಲ. ಬಿಲ್ ಕಟ್ಟೋ ಮುಂಚೆ ಇದು ಗೊತ್ತಿರಲಿ. ಮಂಡಿ ಬಿಲ್ಲಿನ ಹಾಗೆ ಬಾಗಿದ್ದರೆ ಅಥವಾ ಮೂಳೆಗೆ ಮೂಳೆ ತಾಗುತ್ತಿದ್ದರೆ ನಾನಂತೂ ಬೇಡ ಅಂತೀನಿ.

ಪ್ರಶ್ನೆ: ಹೇಗೆ ಮಾಡ್ತಾರೆ ಸರ್? ಎಲ್ಲಿ ಎಡವಟ್ಟಾಗುತ್ತೆ?

ಉತ್ತರ (ಮೂಳೆ ಡಾಕ್ಟರ್): ಮೊದಲು ಹೊಟ್ಟೆ ಮುಟ್ಟಿ ಹರ್ನಿಯಾ ಇದೆಯಾ, ಹಳೆ ಆಪರೇಷನ್ ಗಾಯ ಇದೆಯಾ ನೋಡಬೇಕು. ಇದನ್ನ ಬಿಟ್ಟು ಕ್ಯಾನುಲಾ (ಕೊಬ್ಬು ಎಳೆಯೋ ಸಣ್ಣ ಕೊಳವೆ) ಹಾಕಿದರೆ ಕರುಳಿಗೇ ತೂತು ಬೀಳಬಹುದು. ಅನುಮಾನ ಇದ್ದರೆ ಸೊಂಟದ ಪಕ್ಕದಿಂದ ತೆಗೀಬೇಕು.

1 ಲೀಟರ್ ಸಲೈನ್‌ಗೆ 500 ಮಿ.ಗ್ರಾಂ ಲಿಗ್ನೊಕೇನ್ (ಮರಗಟ್ಟಿಸೋ ಔಷಧಿ), 1 ಮಿ.ಗ್ರಾಂ ಅಡ್ರಿನಲಿನ್ ಬೆರೆಸಿ ಅದರಲ್ಲಿ 200–250 ಮಿ.ಲೀ. ಚರ್ಮದ ಕೆಳಗೆ ತುಂಬಿಸ್ತಾರೆ. ಆಮೇಲೆ 15–20 ನಿಮಿಷ ಸುಮ್ಮನೆ ಕಾಯಬೇಕು. ಈ ಕಾಯುವಿಕೆಯಲ್ಲೇ ತುಂಬ ಜನ ಅವಸರ ಮಾಡೋದು. ಅಡ್ರಿನಲಿನ್ ರಕ್ತನಾಳಗಳನ್ನ ಬಿಗಿ ಹಿಡಿಯೋ ಮುಂಚೆಯೇ ಎಳೆದರೆ ಕೊಬ್ಬಿನ ಜೊತೆ ರಕ್ತ ಬರುತ್ತೆ, ಆ ರಕ್ತ ಮಂಡಿಗೆ ಹೋದರೆ ಊತ ಗ್ಯಾರಂಟಿ.

ಎಳೆಯೋದು ಮೊಂಡು ತುದಿಯ ಸುಮಾರು 3 ಮಿ.ಮೀ. ಕ್ಯಾನುಲಾದಿಂದ. 10 ಮಿ.ಲೀ. ಸಿರಿಂಜಿನ ಪ್ಲಂಜರನ್ನ ಒಂದೆರಡು ಮಿ.ಲೀ. ಮಾತ್ರ ಹಿಂದಕ್ಕೆಳೆದು ಹಿಡಿದರೆ ಸಾಕು. ಜೋರಾಗಿ ಎಳೆದರೆ ಕೋಶಗಳು ಒಡೆದು ಎಣ್ಣೆಯಾಗುತ್ತವೆ. 40–60 ಮಿ.ಲೀ. ಸಿಕ್ಕಿದ ಮೇಲೆ ಸಿರಿಂಜನ್ನ ನೆಟ್ಟಗೆ ನಿಲ್ಲಿಸಿ. ಮೇಲೆ ಹಳದಿ ಎಣ್ಣೆ, ನಡುವೆ ಕೊಬ್ಬು, ತಳದಲ್ಲಿ ಗುಲಾಬಿ ನೀರು, ಹೀಗೆ ಮೂರು ಪದರ ಕಾಣುತ್ತೆ. ಬೇಕಾಗಿರೋದು ನಡುವಿನದು ಮಾತ್ರ. ಲಿಪೊಜೆಮ್ಸ್ ಥರದ ಮುಚ್ಚಿದ ಕಿಟ್‌ನಲ್ಲಿ ಸಲೈನ್ ಹರಿಸಿ, ಸ್ಟೀಲ್ ಗುಂಡುಗಳ ಜೊತೆ ಕುಲುಕಿ ಎಣ್ಣೆ, ರಕ್ತ ತೊಳೆದು ಕೊಬ್ಬನ್ನ ಸಣ್ಣ ತುಣುಕು ಮಾಡ್ತಾರೆ.

ಮಂಡಿಯಲ್ಲಿ ನೀರು ತುಂಬಿದ್ದರೆ ಮೊದಲು ಅದನ್ನ ತೆಗೆದು, ಅಲ್ಟ್ರಾಸೌಂಡ್ ನೋಡ್ಕೊಂಡು 6–10 ಮಿ.ಲೀ. ಹಾಕ್ತಾರೆ. ಸೂಜಿ 18ರಿಂದ 20 ಗೇಜ್ ಇರಲಿ. 22 ಇನ್ನೂ ತೆಳು, ಅದರಲ್ಲಿ ಕಟ್ಟಿಕೊಳ್ಳುತ್ತೆ, ಒತ್ತಿ ಒತ್ತಿ ಕೊನೆಗೆ ಸೂಜಿ ಕಳಚಿ ಕೊಬ್ಬೆಲ್ಲ ಗ್ಲೌಸ್ ಮೇಲೆ. ಅಂದಾಜಿನಲ್ಲಿ ಚುಚ್ಚಿದರೆ ಕೀಲಿನ ಹೊರಗೆ ಬಿದ್ದು ವಾರಗಟ್ಟಲೆ ನೋಯುತ್ತೆ.

ಪ್ರಶ್ನೆ: ಇದನ್ನ ಮಾಡೋರ ಕರಪತ್ರದಲ್ಲಿ ‘ಸ್ಟೆಮ್ ಸೆಲ್’ (ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಅಂತಿದೆ. ಅದೇನಾ ಇದು?

ಉತ್ತರ (ಮೂಳೆ ಡಾಕ್ಟರ್): ಅಲ್ಲೇ ನಿಂತು ಇನ್ನೊಂದು ಪ್ರಶ್ನೆ ಕೇಳಿ: ಎಂಜೈಮ್ ಹಾಕ್ತೀರಾ? ತೊಳೆದು ತುಣುಕು ಮಾಡೋದು ಒಂದು. ಕೊಲಾಜಿನೇಸ್ ಹಾಕಿ ಕರಗಿಸಿ ಕೋಶಗಳನ್ನ ಬೇರ್ಪಡಿಸೋದು, ಅಂದರೆ ಎಸ್‌ವಿಎಫ್, ಬೇರೆಯೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ರಕ್ತದ ಕಾಯಿಲೆಗಳಿಗೆ ಮಾಡೋ ಕಸಿ ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಬಳಕೆ ಟ್ರಯಲ್ ಒಳಗೇ ನಡೀಬೇಕು. ಟ್ರಯಲ್ ಅಂದರೆ ಸಿಟಿಆರ್‌ಐ (ದೇಶದ ಟ್ರಯಲ್‌ಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಇರಬೇಕು, ರೋಗಿಯಿಂದ ದುಡ್ಡು ವಸೂಲಿ ಮಾಡಬಾರದು. ಆಮೇಲೆ 2022ರಲ್ಲಿ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಕಂಪನಿಯ ಉತ್ಪನ್ನಕ್ಕೆ ಮಂಡಿ ಸವೆತಕ್ಕಾಗಿ ಅನುಮತಿ ಸಿಕ್ಕಿತು. ಆದರೆ ಅದು ದಾನಿಗಳ ಮೂಳೆಮಜ್ಜೆಯದು. ಅದರ ಅನುಮತಿ ತೋರಿಸಿ ನಿಮ್ಮ ಹೊಟ್ಟೆಯ ಕೊಬ್ಬಿಗೆ ಬಿಲ್ ಹಾಕಿದರೆ ಒಪ್ಪಬೇಡಿ.

ಪ್ರಶ್ನೆ: ನನಗೆ ಮಂಡಿ ಅಲ್ಲ, ಹಿಮ್ಮಡಿ ಹಿಂದಿನ ಟೆಂಡನ್ ದಪ್ಪ ಆಗಿದೆ. ಸ್ಟೀರಾಯ್ಡ್ ಬೇಡ ಅಂದಿದ್ದಾರೆ. ಕೊಬ್ಬು ಆಗುತ್ತಾ?

ಉತ್ತರ (ಮೂಳೆ ಡಾಕ್ಟರ್): ಸ್ಟೀರಾಯ್ಡ್ ಬೇಡ ಅಂದಿದ್ದು ಸರಿ, ಆ ಟೆಂಡನ್ ಒಳಗೆ ಹಾಕಿದರೆ ಹರಿಯೋ ಭಯ. ಕೊಬ್ಬಿನ ಬಗ್ಗೆ ಇಟಲಿಯಲ್ಲಿ 44 ರೋಗಿಗಳ ಮೇಲೆ ನಡೆದ ಒಂದು ಟ್ರಯಲ್ 2018ರಲ್ಲಿ ಪ್ರಕಟವಾಗಿದೆ. ಎಸ್‌ವಿಎಫ್ ಹಾಕಿದವರು ಮೊದಲ ತಿಂಗಳು ಪಿಆರ್‌ಪಿ (ರೋಗಿಯದೇ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ಹೆಚ್ಚಿರೋ ದ್ರವ) ಹಾಕಿದವರಿಗಿಂತ ಮುಂದಿದ್ದರು, ಆರು ತಿಂಗಳಿಗೆ ಇಬ್ಬರೂ ಸರಿಸಮ. ಅಷ್ಟಕ್ಕೆ ಹೊಟ್ಟೆ ಚುಚ್ಚಿಸಿಕೊಳ್ಳಬೇಕಾ, ನೀವೇ ಯೋಚಿಸಿ.

ಉತ್ತರ (ಫಿಸಿಯೋ): ಸರ್ ಹೇಳಿದ್ದಕ್ಕೆ ಸೇರಿಸ್ತೀನಿ. ಮೆಟ್ಟಿಲ ಅಂಚಿನಲ್ಲಿ ನಿಂತು ಎರಡೂ ಕಾಲಲ್ಲಿ ಮೇಲೇಳಿ, ನೋವಿರೋ ಕಾಲಲ್ಲಿ ನಿಧಾನವಾಗಿ ಹಿಮ್ಮಡಿ ಇಳಿಸಿ. ಮಂಡಿ ನೆಟ್ಟಗಿಟ್ಟು 15 ಸಲದ 3 ಸೆಟ್, ಸ್ವಲ್ಪ ಮಡಚಿ ಇನ್ನೊಂದು 3 ಸೆಟ್, ದಿನಕ್ಕೆರಡು ಹೊತ್ತು, 12 ವಾರ. ನೋವು ಹಿಮ್ಮಡಿ ಮೂಳೆಗೆ ಅಂಟಿದ ಜಾಗದಲ್ಲೇ ಇದ್ದರೆ ಮೆಟ್ಟಿಲು ಬೇಡ, ಸಮನೆಲದಲ್ಲೇ ಮಾಡಿ. ಎರಡನೇ ವಾರಕ್ಕೇ ನೋವು ಜಾಸ್ತಿ ಆಯ್ತು ಅಂತ ಬಿಡೋರೇ ಹೆಚ್ಚು. ಮಂಡಿಯವರಿಗೆ ಹೇಳೋದಾದರೆ, 1 ಕೆ.ಜಿ. ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿ ಮೇಲಿನ ಭಾರ ಸುಮಾರು 4 ಕೆ.ಜಿ. ಇಳಿಯುತ್ತೆ.

ಪ್ರಶ್ನೆ: ಅಮ್ಮನಿಗೆ ಮಾಡಿಸಲೇಬೇಕು ಅಂತ ಮನೆಯಲ್ಲಿ ಹಠ. ಆಮೇಲೆ ಏನು ನೋಡ್ಕೋಬೇಕು?

ಉತ್ತರ (ಮೂಳೆ ಡಾಕ್ಟರ್): ರಕ್ತ ತೆಳುವಾಗಿಸೋ ಮಾತ್ರೆ ಇದ್ದರೆ ಹೃದಯದ ಡಾಕ್ಟರನ್ನ ಕೇಳದೆ ನಿಲ್ಲಿಸಬೇಡಿ. ಸಕ್ಕರೆ ಹತೋಟಿಗೆ ಬಂದ ಮೇಲೇ ದಿನ ಗೊತ್ತು ಮಾಡಿ. ಹೊಟ್ಟೆ ನೀಲಿಗಟ್ಟೋದು, ಮಂಡಿ ಮೂರ್ನಾಲ್ಕು ದಿನ ಊದೋದು ಸಾಮಾನ್ಯ. ಹೊಟ್ಟೆಗೆ ಬೆಲ್ಟ್, ಮಂಡಿಗೆ ಐಸ್, ನೋವಿಗೆ ಪ್ಯಾರಾಸಿಟಮಾಲ್. ನಾಲ್ಕು ವಾರ ಕುಕ್ಕರಗಾಲಲ್ಲಿ ಕೂರೋದು ಬೇಡ. ಊತ ಇಳಿಯೋ ಬದಲು ಏರಿ, ಮಂಡಿ ಬಿಸಿಯಾಗಿ, ಜ್ವರ ಬಂದು ಕಾಲು ಮಡಚಕ್ಕೇ ಆಗದಿದ್ದರೆ ಅದು ಕೀಲಿನ ಸೋಂಕು ಇರಬಹುದು. ಫೋನಲ್ಲಿ ಮಾತ್ರೆ ಕೇಳಿ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ ಕೀಲಿನ ನೀರು ತೆಗೆಸಿ ಪರೀಕ್ಷೆ ಮಾಡಿಸಿ. ಹೊಟ್ಟೆನೋವು ಹೆಚ್ಚುತ್ತಾ ವಾಂತಿ ಶುರುವಾದರೂ, ಉಸಿರು ಕಟ್ಟಿದ ಹಾಗಾದರೂ ಸೀದಾ ಎಮರ್ಜೆನ್ಸಿಗೆ.